ಇಳಿಸುವುದಷ್ಟೇ ಕಲಿಸಿದ್ದರು

ಗಂಡ ಗಾಳಿಯಲ್ಲಿ ಸತ್ತರೆ ವಿಮಾನವನ್ನು ನೆಲಕ್ಕೆ ಇಳಿಸುವುದು ಹೇಗೆ ಎಂದು ನನಗೆ ಇಪ್ಪತ್ತು ವರ್ಷಗಳಿಂದ ಗೊತ್ತಿತ್ತು. ಏರಿಸುವುದು ಗೊತ್ತಿರಲಿಲ್ಲ. ಅದನ್ನು ಯಾರೂ ಕಲಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಪಯಸ್ ಸತ್ತದ್ದು ಗಾಳಿಯಲ್ಲಲ್ಲ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಕೊಟ್ಟಿಗೆಯಲ್ಲಿ, ಕರು ಹಾಕುತ್ತಿದ್ದ ಹಸುವಿನ ಪಕ್ಕ, ಬೂಟು ಹಾಕಿಕೊಂಡೇ ಕುಸಿದ. ಕರು ಬದುಕಿತು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಮೇಲೆ ಆಕಾಶದಲ್ಲಿ ನೀನು ಸಾಯುವುದಕ್ಕೆ ಅಷ್ಟು ವರ್ಷ ತಯಾರಾಗಿ ಪಕ್ಕದಲ್ಲಿ ಕೂತಿದ್ದೆನಲ್ಲ ಮಾರಾಯ, ಇಲ್ಲಿ ನೆಲದ ಮೇಲೆ ನಾನು ಏನು ಮಾಡಲಿ?

ನಮ್ಮ ಉತ್ತರ ಡಕೋಟದಲ್ಲಿ ಒಂದು ಕಾಲಕ್ಕೆ ಟ್ರ್ಯಾಕ್ಟರ್ ಶೆಡ್ಡಿನ ಪಕ್ಕ ವಿಮಾನದ ಶೆಡ್ಡು ಇಲ್ಲದ ಮನೆಯವರನ್ನು ಜನ ಸ್ವಲ್ಪ ಕನಿಕರದಿಂದ ನೋಡುತ್ತಿದ್ದರು. ಯುದ್ಧ ಮುಗಿಸಿ ಬಂದ ಹುಡುಗರಿಗೆ ಯಾವ ವಿದ್ಯೆ ಬೇಕೋ ಕಲಿತುಕೊಳ್ಳಿ ಎಂದಿತು ಸರ್ಕಾರ. ವೆಲ್ಡಿಂಗ್ ಕಲಿತು ಬಾ ಎಂದು ಅಪ್ಪಂದಿರು ಕಳಿಸಿದರೆ ಇವರು ವಿಮಾನ ಹಾರಿಸುವುದನ್ನು ಕಲಿತು ಬಂದರು. ಪಯಸ್ ಗೋಧಿ ಹೊಲದ ನಡುವೆ ಓರೆಯಾಗಿ, ಗಾಳಿ ಬೀಸುವ ದಿಕ್ಕಿಗೆ, ವಿಮಾನ ಏರಿ ಇಳಿಯಲೆಂದು ಒಂದು ಉದ್ದನೆಯ ಪಟ್ಟಿ ಬಿಟ್ಟು ಹುಲ್ಲು ಬಿತ್ತಿದ. ನನ್ನ ಮಾವ ಅದರ ನಡುವೆ ನಿಂತು ಪಾದ್ರಿಗೆ ದೂರು ಹೇಳಿದರು. "ಗೋಧಿ ಬೆಳೆಯೋ ಭೂಮೀಲಿ ಗಾಳಿ ಬೆಳೀತಾನಂತೆ ನನ್ನ ಮಗ, ಸ್ವಲ್ಪ ಬುದ್ಧಿ ಹೇಳಿ ಫಾದರ್." ಮುಂದಿನ ಭಾನುವಾರ ಪಾದ್ರಿ ಪಯಸ್ ಜೊತೆ ಒಂದು ಸುತ್ತು ಹಾರಿ ಬಂದರು. ದೂರು ಅಲ್ಲಿಗೆ ಮುಗಿಯಿತು.

ಅಲ್ಲಿಂದ ಶುರುವಾಯಿತು ನೋಡಿ. ಕಟಾವಿನ ನಡುವೆ ಯಂತ್ರದ ಬೆಲ್ಟು ಹರಿದರೆ ಮೊದಲೆಲ್ಲ ಪೇಟೆಗೆ ಹೋಗಿ ಬರಲು ಒಂದು ದಿನ ಹಾಳಾಗುತ್ತಿತ್ತು. ಈಗ ಕಾಫಿ ಆರುವುದರೊಳಗೆ ಬೆಲ್ಟು ಬರುತ್ತಿತ್ತು. ಹಿಮದಲ್ಲಿ ರಸ್ತೆ ಮುಚ್ಚಿ ಹೋದಾಗ ಸಿಕ್ಕಿಕೊಂಡ ದನಗಳಿಗೆ ಹುಲ್ಲು, ಬಾಣಂತಿಯರಿಗೆ ಔಷಧಿ, ಎಲ್ಲವೂ ಮೇಲಿನಿಂದಲೇ ಬಿತ್ತು. ಬೇಸಿಗೆಯ ಭಾನುವಾರ ಪೂಜೆ ಮುಗಿದ ಮೇಲೆ ಯಾರದಾದರೂ ಒಬ್ಬರ ಪಟ್ಟಿಯಲ್ಲಿ ಹತ್ತಾರು ವಿಮಾನಗಳು ಬಂದು ಇಳಿಯುತ್ತಿದ್ದವು. ಗಂಡಸರು ರೆಕ್ಕೆಯ ನೆರಳಲ್ಲಿ ಕೂತು ಜಂಬ ಕೊಚ್ಚುತ್ತಿದ್ದರು. ನಾವು ಕೂಹೆನ್ ಕತ್ತರಿಸುತ್ತಿದ್ದೆವು. ಹಣ್ಣು, ಕೆನೆ ಹಾಕಿ ಬೇಯಿಸಿದ ಆ ಸಿಹಿರೊಟ್ಟಿ ಇಲ್ಲದೆ ಜರ್ಮನ್ ಮೂಲದ ನಮ್ಮವರು ಆಕಾಶಕ್ಕೂ ಹೋಗುವುದಿಲ್ಲ, ಗೋರಿಗೂ ಹೋಗುವುದಿಲ್ಲ.

ಪ್ರತಿ ಪಟ್ಟಿಗೂ ಒಂದು ಗಾಳಿಚೀಲ ಬೇಕು, ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ಮೇಲಿನಿಂದಲೇ ತಿಳಿಯಲು. ಅದನ್ನು ಹೊಲಿಯುವುದು ಮನೆಯ ಹೆಂಗಸಿನ ಕೆಲಸ. ನಾನು ಪಯಸ್‌ನ ಚಳಿಗಾಲದ ಕೆಂಪು ಉಣ್ಣೆಯ ಒಳಉಡುಪಿನ ಒಂದು ಕಾಲು ಕತ್ತರಿಸಿ ಹೊಲಿದೆ. ಅದು ಹರಿದಾಗ ಇನ್ನೊಂದು ಕಾಲು. ಇಡೀ ಜಿಲ್ಲೆಗೆ ನಮ್ಮ ಪಟ್ಟಿ ಗೊತ್ತಿದ್ದದ್ದು ಆ ಕಾಲಿನಿಂದಲೇ. ಪಯಸ್‌ಗೆ ನಾಚಿಕೆಯೇನೂ ಆಗಲಿಲ್ಲ. "ನನ್ನ ಹೆಂಡ್ತಿ ಚಡ್ಡೀನೂ ಹಾರಿಸ್ತಾಳೆ" ಎಂದು ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದ.

ಆಮೇಲೆ ಒಬ್ಬ ಹಾರುತ್ತಿದ್ದಾಗಲೇ ಎದೆ ಹಿಡಿದುಕೊಂಡು ಹೋದ. ಪಕ್ಕದಲ್ಲಿದ್ದ ಹೆಂಡತಿಯೂ ಅವನ ಜೊತೆ ಹೋದಳು. ಅದಾದ ಮೇಲೆ ನಮಗೆಲ್ಲ ಎರಡು ದಿನದ ಕ್ಲಾಸು ನಡೆಯಿತು. ಕಲಿಸಿದವನು ಕ್ಲೆಮ್ ವೆಟರ್, ಹೊಲಗಳಿಗೆ ಔಷಧಿ ಹೊಡೆಯುವ ವಿಮಾನ ಓಡಿಸುತ್ತಿದ್ದವನು. ಹಾರಿಸುವವನ ಬಲಗಡೆಯ ಸೀಟಿನಲ್ಲಿ ಕೂತು, ಎಡಗೈಯಲ್ಲಿ ಇಂಜಿನ್ನಿನ ಜೋರು ಕಡಿಮೆ ಮಾಡುವ ಕರಿ ಗುಂಡಿ ಹಿಡಿದು, ಬಲಗೈಯಲ್ಲಿ ಆ ಕಡೆಯೂ ಇರುವ ಸ್ಟಿಯರಿಂಗ್ ಹಿಡಿದು, ಮೆಲ್ಲಗೆ ಗುಂಡಿ ಎಳೆಯುತ್ತ ನೆಲಕ್ಕೆ ಇಳಿಸುವುದು. ಅಷ್ಟೇ. ಅದಾದ ಮೇಲೆ ಪಯಸ್ ನನ್ನಿಂದ ಪ್ರತಿ ತಿಂಗಳೂ ಒಮ್ಮೆ ಇಳಿಸುವ ಅಭ್ಯಾಸ ಮಾಡಿಸುತ್ತಿದ್ದ. ನಾನು ಚೆನ್ನಾಗಿಯೇ ಇಳಿಸುತ್ತಿದ್ದೆ. ಅವನಿಗಿಂತ ಚೆನ್ನಾಗಿ ಎಂದು ಅವನೇ ಒಮ್ಮೆ ಬಾಯಿಬಿಟ್ಟಿದ್ದ, ಮರುದಿನ ಇಲ್ಲ ಎಂದ.

ಪಟ್ಟಿಗಳು ಒಂದೇ ದಿನ ಹೋಗಲಿಲ್ಲ. ರಸ್ತೆಗೆ ಡಾಂಬರು ಬಂತು. ಬೆಲ್ಟುಗಳು ವ್ಯಾನಿನಲ್ಲಿ ಮನೆ ಬಾಗಿಲಿಗೇ ಬರತೊಡಗಿದವು. ಟ್ರ್ಯಾಕ್ಟರುಗಳು ಮನೆಯಷ್ಟು ದೊಡ್ಡದಾದವು. ಹೊಲದ ನಡುವಿನ ಪಟ್ಟಿ ಅವಕ್ಕೆ ಕಾಲಿಗೆ ಸಿಕ್ಕ ಹಗ್ಗವಾಯಿತು. ಹಾರಿದವರು ಮುದುಕರಾದರು, ಅವರ ಮಕ್ಕಳಿಗೆ ಮೇಲೆ ನೋಡುವ ಪುರುಸೊತ್ತಿರಲಿಲ್ಲ.

ಆದರೆ ನಮ್ಮಲ್ಲಿ ಒಂದು ಕಟ್ಟುಪಾಡು ಇತ್ತು. ಪಟ್ಟಿಯನ್ನು ಉಳುವ ಮೊದಲು ಅದರ ವಿಮಾನ ಅದರ ಮೇಲಿನಿಂದಲೇ ಏಳಬೇಕು, ಮನೆಯವರೇ ಏರಿಸಬೇಕು. ಆಮೇಲೆ ಗಾಳಿಚೀಲ ಇಳಿಸಬೇಕು. ಆಮೇಲೆ ನೇಗಿಲು. ನೆರೆಯ ಬಾಲ್ತಸರ್ ತೀರಿಕೊಂಡಾಗ ಅವನ ಮಗ ಇದ್ಯಾವುದನ್ನೂ ಮಾಡಲಿಲ್ಲ. ರೆಕ್ಕೆ ಬಿಚ್ಚಿ, ವಿಮಾನವನ್ನು ಟ್ರೇಲರಿಗೆ ಬಿಗಿದು, ಊರಿನ ನಡುವೆಯೇ ಒಯ್ದ. ಬಾಲ್ತಸರನ ಹೆಂಡತಿ ರೊಸೀನಾ ಅಡುಗೆಮನೆಯ ಪರದೆ ಎಳೆದು ಒಳಗೆ ಕೂತಳು. ಅವಳೂ ನನ್ನ ಜೊತೆ ಆ ಕ್ಲಾಸಿನಲ್ಲಿ ಕೂತವಳು. ಅದಾಗಿ ಎಂಟು ವರ್ಷವಾಯಿತು, ಆ ಪರದೆಯನ್ನು ಅವಳು ಇನ್ನೂ ತೆಗೆದಿರಲಿಲ್ಲ.

ಪಯಸ್ ಹೋದ ಮೇಲೆ ನಮ್ಮ ಹೊಲ ಮಾಡುತ್ತಿದ್ದವನು ಲೀರಾಯ್, ಅವನ ತಮ್ಮನ ಮಗ. ನಮಗೆ ಮಕ್ಕಳಿಲ್ಲ, ಇದ್ದಿದ್ದರೆ ಅವನಷ್ಟು ಒಳ್ಳೆಯವರಾಗಿ ಇರುತ್ತಿದ್ದರೋ ಇಲ್ಲವೋ. ಒಂದೇ ಕೊರತೆ: ಗೋಧಿ ತುಂಬುವ ಗೋಪುರದ ಏಣಿ ಹತ್ತಲೂ ಹೆದರುತ್ತಾನೆ. ಜೀವಮಾನದಲ್ಲಿ ಒಮ್ಮೆಯೂ ದೊಡ್ಡಪ್ಪನ ವಿಮಾನ ಹತ್ತಿದವನಲ್ಲ. ಏಪ್ರಿಲ್‌ನಲ್ಲಿ ಬಂದು ಅಡುಗೆಮನೆಯ ಮೇಜಿನ ಮುಂದೆ ಟೋಪಿ ತಿರುಗಿಸುತ್ತ ಕೂತ.

"ದೊಡ್ಡಮ್ಮ, ಬೇಜಾರ್ ಮಾಡ್ಕೋಬೇಡಿ. ಆ ಪಟ್ಟಿ..."

"ಉಳಬೇಕು ಅಂತೀಯ."

"ಹೊಲ ಎರಡು ತುಂಡಾಗಿದೆ. ಪ್ರತಿ ಸಾಲಿಗೂ ನೇಗಿಲು ಎತ್ತಿ, ತಿರುಗಿಸಿ, ಮತ್ತೆ ಇಳಿಸಿ... ಕತ್ತು ನೋವು ಬಂದ್ಬಿಡುತ್ತೆ. ದೊಡ್ಡಪ್ಪ ಇದ್ದಾಗ ನಾನು ಒಂದು ಮಾತು ಆಡಿದ್ನಾ?"

"ಆಡಿಲ್ಲ. ಉಳು. ಕಟಾವು ಮುಗೀಲಿ, ನೆಲ ಹೆಪ್ಪುಗಟ್ಟೋಕೆ ಮುಂಚೆ ಉಳು."

ಅವನು ನಿಟ್ಟುಸಿರು ಬಿಟ್ಟ. "ವಿಮಾನಾನ ನಾನೇ ಟ್ರೇಲರ್ ತಂದು..."

"ವಿಮಾನ ಪಟ್ಟಿ ಮೇಲಿಂದ ಎದ್ದು ಹೋಗುತ್ತೆ. ಪೇಟೆ ಏರ್‌ಪೋರ್ಟಲ್ಲಿ ಕ್ಲೆಮ್ ಜಾಗ ಕೊಡ್ತಾನಂತೆ."

"ಸರಿ. ಆದ್ರೆ ಬೆಕ್ಕಿಗೆ ಗಂಟೆ ಕಟ್ಟೋರ್ಯಾರು? ಯಾರು ಹಾರಿಸ್ತಾರೆ?"

"ನಾನು."

ಲೀರಾಯ್ ಮೊದಲು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನುಂಗಿದ. "ದೊಡ್ಡಮ್ಮ, ಅರವತ್ತಕ್ಕೆ ಅರಳು ಮರಳು ಅಂತಾರಲ್ಲ..."

"ನನಗಿನ್ನೂ ಐವತ್ತೊಂಬತ್ತು. ಸೂಪು ಕುಡಿ, ಆರುತ್ತೆ."

ಹಾಗೆ ಹೇಳುವಾಗ ನನಗೂ ಹೇಗೆಂದು ಗೊತ್ತಿರಲಿಲ್ಲ. ಒಂದು ಮಾತ್ರ ಗೊತ್ತಿತ್ತು. ಪಯಸ್‌ನ ವಿಮಾನವನ್ನು ರೆಕ್ಕೆ ಕಿತ್ತ ಕೋಳಿಯ ಹಾಗೆ ಟ್ರೇಲರಿನ ಮೇಲೆ ಮಲಗಿಸಿ ಊರ ನಡುವೆ ಒಯ್ಯುವುದನ್ನು ನಾನು ನೋಡಲಾರೆ. ರೊಸೀನಾ ಪರದೆ ಎಳೆದಳು. ನಾನು ಎಳೆಯುವವಳಲ್ಲ.

ಕ್ಲೆಮ್ ವೆಟರನಿಗೆ ಎಪ್ಪತ್ತಾಗಿತ್ತು. ಔಷಧಿ ಹೊಡೆಯುವುದನ್ನು ಬಿಟ್ಟಿದ್ದ, ಕಲಿಸುವುದನ್ನು ಬಿಟ್ಟಿರಲಿಲ್ಲ. ಟ್ರಕ್ಕಿನಿಂದ ಇಳಿದವನೇ ಹೇಳಿದ.

"ಟಿಲ್ಲಿ, ಇದೊಂದು ಅರ್ಧ ಗಂಟೆ ಕೆಲಸ. ನಾನೇ ಹಾರಿಸ್ಕೊಂಡ್ ಹೋಗ್ತೀನಿ. ನೀನು ಪಕ್ಕದಲ್ಲಿ ಕೂತ್ಕೊ."

"ಮನೆಯವರೇ ಏರಿಸ್ಬೇಕು ಅನ್ನೋದು ನಿನಗೆ ಗೊತ್ತಿಲ್ವಾ?"

"ಅದೆಲ್ಲ ಹಳೇ ಕಾಲದ್ದು."

"ನಾನೂ ಹಳೇ ಕಾಲದವಳೇ. ಪಕ್ಕದಲ್ಲಿ ಸಾಮಾನಿನ ಥರ ಕೂತಿದ್ದು ಸಾಕು."

ಹಾರಲು ಬೇಕಾದ ತಪಾಸಣೆಯಲ್ಲಿ ಡಾಕ್ಟರು ಎದೆ ಬಡಿತ ನೋಡಿ ಕುದುರೆಯ ಹಾಗಿದ್ದೀರಿ ಎಂದರು. ನಾನು ಪಯಸ್‌ನ ಎಡಗಡೆಯ ಸೀಟಿನಲ್ಲಿ ಕೂತೆ. ಅವನ ಭಾರಕ್ಕೆ ಅದು ಬಾಣಲೆಯ ಹಾಗೆ ತಗ್ಗಾಗಿತ್ತು; ಎರಡು ದಿಂಬು ಹಾಕಿದರೂ ನನಗೆ ಮುಂದೆ ಕಾಣುತ್ತಿದ್ದದ್ದು ಬರೀ ಆಕಾಶ. ಮೇ ತಿಂಗಳಿಂದ ಶುರು ಮಾಡಿದೆವು. ನೆಲದ ಮೇಲೆ ಓಡಿಸುವುದು ಬಂತು. ಗಾಳಿಗೆ ಮುಖ ಮಾಡಿ ನಿಲ್ಲಿಸುವುದು ಬಂತು. ಕರಿ ಗುಂಡಿಯನ್ನು ಪೂರ್ತಿ ಒಳಗೆ ತಳ್ಳಿದರೆ ಇಂಜಿನ್ ಕೂಗುತ್ತ ವಿಮಾನ ಹುಲ್ಲಿನ ಮೇಲೆ ಧಡಧಡ ಓಡುವುದೂ ಬಂತು. ಚಕ್ರ ನೆಲ ಬಿಟ್ಟು ಕುಂಡೆಯ ಕೆಳಗೆ ಎಲ್ಲ ಹಗುರವಾದ ಕೂಡಲೇ ನನ್ನ ಕೈ ಗುಂಡಿಯನ್ನು ಹಿಂದಕ್ಕೆ ಎಳೆದುಬಿಡುತ್ತಿತ್ತು.

ನಾನು ಎಳೆಯುತ್ತಿರಲಿಲ್ಲ, ಕೈ ಎಳೆಯುತ್ತಿತ್ತು. ಚಕ್ರದ ಕೆಳಗೆ ನೆಲ ಹತ್ತಿರವಿದ್ದು ಮೈ ಹಗುರವಾಯಿತೆಂದರೆ ಇಳಿಯುವ ಹೊತ್ತು ಬಂತು ಎಂದು ಅದಕ್ಕೆ ಇಪ್ಪತ್ತು ವರ್ಷದ ಪಾಠ. ಇಂಜಿನ್ ಸುಮ್ಮನಾಗುತ್ತಿತ್ತು, ವಿಮಾನ ಧೊಪ್ಪೆಂದು ಹುಲ್ಲಿನ ಮೇಲೆ ಕೂರುತ್ತಿತ್ತು.

"ಎಳೀಬೇಡ!" ಎಂದು ಕ್ಲೆಮ್ ಕೂಗುತ್ತಿದ್ದ.

"ಎಳೀತಿಲ್ಲ!" ಎಂದು ನಾನು ಕೂಗುತ್ತಿದ್ದೆ, ಎಳೆಯುತ್ತ.

"ಪಟ್ಟಿ ಈ ಕಡೆ ಇಳಿಜಾರು, ಅದಕ್ಕೇ ಹೀಗಾಗ್ತಿದೆ" ಎಂದೆ ಒಮ್ಮೆ.

"ಹೌದೌದು. ಕುಣೀಲಾರ್ದವಳು ನೆಲ ಡೊಂಕು ಅಂದ್ಲಂತೆ."

ಜುಲೈ ಕೊನೆಗೆ ಹಾಗೆ ಕುಕ್ಕರಿಸಿದ ವಿಮಾನ ಪಕ್ಕಕ್ಕೆ ತಿರುಗಿ ಲೀರಾಯ್‌ನ ನಿಂತ ಬೆಳೆಯೊಳಗೆ ನುಗ್ಗಿತು. ಗೋಧಿ ಮಲಗಿತು, ನಾವು ನಿಂತೆವು. ಯಾರಿಗೂ ಏನೂ ಆಗಲಿಲ್ಲ. ಲೀರಾಯ್ ಹೊಲದ ಬದಿಯಿಂದ ಓಡಿ ಬಂದ. ಬಾಗಿಲು ತೆಗೆದು ನನ್ನ ತಲೆ, ಕೈ, ಮೊಣಕಾಲು ಎಲ್ಲ ಇದೆಯೇ ಎಂದು ನೋಡಿದ ಮೇಲೇ ಅವನಿಗೆ ಬೆಳೆಯ ನೆನಪಾದದ್ದು.

"ನನ್ನ ಗೋಧಿ ದೊಡ್ಡಮ್ಮ! ಕುಯ್ಯೋಕೆ ಇನ್ನೂ ಹತ್ತು ದಿನ ಇತ್ತು, ನೀವು ಈಗ್ಲೇ ಕುಯ್ದ್ರಿ!"

ಮರುವಾರ ಅವನು ಎಲ್ಲಿಂದಲೋ ಒಂದು ಟ್ರೇಲರ್ ಎಳೆದುಕೊಂಡು ಬಂದು ವಿಮಾನದ ಶೆಡ್ಡಿನ ಮುಂದೆ ನಿಲ್ಲಿಸಿದ. "ಬೇಕಾದ್ರೆ ಇರ್ಲಿ ಅಂತ" ಎಂದ, ನನ್ನ ಕಣ್ಣು ತಪ್ಪಿಸಿ. ನಾನು ಮರುದಿನ ಅದರ ಕಂಬಿಗಳ ಮೇಲೆ ಬಟ್ಟೆ ಒಣಗಿಹಾಕಿದೆ. ಆಮೇಲೂ ಪ್ರತಿ ಸೋಮವಾರ ಒಗೆದದ್ದೆಲ್ಲ ಅಲ್ಲೇ ಒಣಗುತ್ತಿತ್ತು.

ಆದರೆ ಕ್ಲೆಮ್ ಮೆತ್ತಗಾಗಿದ್ದ. ಕಟಾವು ಮುಗಿದ ಮೇಲೆ ಬಂದವನು ವಿಮಾನ ಹತ್ತಲಿಲ್ಲ. ಶೆಡ್ಡಿನ ಬಾಗಿಲಿಗೆ ಒರಗಿ ನಿಂತ.

"ಸಾಕು ಟಿಲ್ಲಿ. ನಾನು ಬೇಕಾದಷ್ಟು ಹೆಣ ನೋಡಿದೀನಿ. ನಿನ್ನ ಕೈ ಕಲಿತಿರೋದನ್ನ ಈಗ ಮರೆಯಲ್ಲ."

"ಕಲಿಸಿದ್ದು ಯಾರು?"

ಅವನು ಬಾಗಿಲ ಅಗುಳಿಯನ್ನು ತಿರುಗಿಸತೊಡಗಿದ.

"ಕೇಳ್ತಿದ್ದೀನಿ ಕ್ಲೆಮ್. ಅವತ್ತು ನಮಗೆಲ್ಲ ಇಳಿಸೋದು ಕಲಿಸ್ದೆ. ಏರಿಸೋದು ಯಾಕೆ ಕಲಿಸ್ಲಿಲ್ಲ? ಇನ್ನೊಂದು ದಿನ ಸಾಕಾಗಿತ್ತು."

ಅವನು ನೆಲ ನೋಡಿದ. ಆಮೇಲೆ ಸ್ವಲ್ಪ ನಕ್ಕ. "ನಿಮ್ಮ ಗಂಡಂದಿರೆಲ್ಲ ಸೇರಿ ಬೇಡ ಅಂದ್ರು. ಏರಿಸೋದು ಕಲಿಸಿದ್ರೆ ಇವ್ರು ಯಾರೂ ವಾಪಸ್ ಬರಲ್ಲ ಅಂದ್ರು."

"ಪಯಸ್ ಕೂಡ?"

"ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅವನೇ."

ಸತ್ತವನ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ. ಸತ್ತವನ ಮೇಲಲ್ಲದೆ ಇನ್ನಾರ ಮೇಲೆ ಆಗಲಿ, ಎದುರು ಮಾತಾಡುವುದಿಲ್ಲವಲ್ಲ ಅವನು. ಕ್ಲೆಮ್‌ನನ್ನು ಕಳಿಸಿ ನಾನು ವಿಮಾನ ಹತ್ತಿದೆ. ಅಭ್ಯಾಸಬಲ, ಬಲಗಡೆಯ ಬಾಗಿಲಿನಿಂದ ಹತ್ತಿ ನನ್ನ ಸೀಟಿನಲ್ಲೇ ಕೂತೆ. ಖಾಲಿಯಾಗಿದ್ದ ಎಡಗಡೆಯ ಸೀಟಿಗೆ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ, ಅಜ್ಜಿಯ ಜರ್ಮನ್‌ನಲ್ಲೂ ಬೈದೆ. ಆಮೇಲೆ ಅತ್ತೆ. ಮಾರ್ಚ್‌ನಿಂದ ಉಳಿಸಿಕೊಂಡಿದ್ದ ಅಳುವೆಲ್ಲ ಅಲ್ಲೇ ಖಾಲಿಯಾಯಿತು. ನನ್ನನ್ನು ವಾಪಸ್ ಬರಿಸಲು ಪಾಠ ಕಡಿಮೆ ಮಾಡಬೇಕಾಗಿತ್ತೇ ಪಯಸ್? ಕೂಹೆನ್ ಒಲೆಯಲ್ಲಿಟ್ಟು ನಾನು ಎಲ್ಲಿಗೆ ಹೋಗುತ್ತಿದ್ದೆ?

ಕಣ್ಣೊರೆಸಿಕೊಂಡು ನೋಡಿದರೆ ನನ್ನ ಎಡಗೈ ಕರಿ ಗುಂಡಿಯ ಮೇಲಿತ್ತು, ಬಲಗೈ ಸ್ಟಿಯರಿಂಗ್ ಮೇಲೆ. ಎರಡೂ ತಮ್ಮ ತಮ್ಮ ಜಾಗದಲ್ಲಿ ಹಾಯಾಗಿ ಕೂತಿದ್ದವು. ಎಡಗಡೆಯ ಸೀಟಿನಲ್ಲಿ ಕೂತಾಗ ಇದೆಲ್ಲ ತಿರುಗುಮುರುಗು: ಎಡಗೈಯ ಕೆಲಸ ಬಲಗೈಗೆ, ಬಲಗೈಯದು ಎಡಗೈಗೆ. ಗಾಬರಿ ಬಿದ್ದ ಕೈ ತನಗೆ ಗೊತ್ತಿದ್ದ ಒಂದೇ ಒಂದನ್ನು ಮಾಡುತ್ತಿತ್ತು, ಎಳೆಯುತ್ತಿತ್ತು. ನಾನು ಅವನ ಸೀಟಿನಲ್ಲಿ ಕೂತು ಅವನ ಕೈಯಿಂದ ಹಾರಿಸಲು ಹೋಗಿದ್ದೆ. ನನ್ನ ಕೈ ಇಲ್ಲಿತ್ತು.

ಎಳೆಯುವ ಚಟಕ್ಕೆ ಮದ್ದು ಮರುದಿನ ಬೆಳಿಗ್ಗೆ ಹಾಲು ಕರೆಯುವಾಗ ಸಿಕ್ಕಿತು. ಹಸು ಗೋಡೆಗೆ ಒತ್ತಿಕೊಂಡು ನಿಂತಿತ್ತು. ಅದರ ತೊಡೆಗೆ ಅಂಗೈ ಚಪ್ಪಟೆಯಾಗಿಟ್ಟು ಅತ್ತ ತಳ್ಳಿದೆ. ಯಾರೂ ಹಸುವನ್ನು ಬೆರಳು ಮಡಚಿ ತಳ್ಳುವುದಿಲ್ಲ. ಅಂಗೈಗೆ ತಳ್ಳುವುದಷ್ಟೇ ಬರುತ್ತದೆ, ಹಿಡಿಯಲಾಗದ ಮೇಲೆ ಎಳೆಯುವುದೆಲ್ಲಿ? ಹಾಲಿನ ಬಕೆಟ್ಟನ್ನು ಅಲ್ಲೇ ಬಿಟ್ಟು ಹೋಗಿ ಫೋನ್ ಮಾಡಿದೆ.

"ಕ್ಲೆಮ್, ಬಾ. ನೀನು ಎಡಗಡೆ ಕೂರ್ತೀಯ, ನಾನು ಬಲಗಡೆ."

"ನಾನು ನಲವತ್ತು ವರ್ಷ ಎಲ್ಲರಿಗೂ ಕಲಿಸಿದ್ದು ಬಲಗಡೆ ಸೀಟಿಂದಲೇ" ಎಂದ. "ನನಗೆ ಹೊಳೀಬೇಕಿತ್ತು, ಥೂ."

ನನ್ನ ಕಡೆಗೂ ಬ್ರೇಕಿತ್ತು. ಇಳಿಸಲೆಂದು ಪಯಸ್ ಹಾಕಿಸಿದ್ದ, ಅಷ್ಟರ ಮಟ್ಟಿಗೆ ಅವನಿಗೆ ಥ್ಯಾಂಕ್ಸ್. ಅಂಗೈಯನ್ನು ಗುಂಡಿಗೆ ಚಪ್ಪಟೆಯಾಗಿ ಒತ್ತಿ, ಬೆರಳುಗಳನ್ನು ಆಶೀರ್ವಾದ ಮಾಡುವ ಪಾದ್ರಿಯ ಹಾಗೆ ಅಗಲಿಸಿ ತಳ್ಳಿದೆ. ಹುಲ್ಲು ಓಡಿತು, ಮೈ ಹಗುರವಾಯಿತು. ಕೈ ಎಳೆಯಲು ಹೋಯಿತು, ಹಿಡಿತವೇ ಇರಲಿಲ್ಲ. ಗಾಳಿಚೀಲ ಕೆಳಗೆ ಹೋಯಿತು, ಶೆಡ್ಡಿನ ಚಾವಣಿ ಕೆಳಗೆ ಹೋಯಿತು. ಕ್ಲೆಮ್ ಎರಡೂ ಕೈ ತನ್ನ ಮಂಡಿಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ.

ಆ ತಿಂಗಳಿಡೀ ಗಾಳಿ ನೆಟ್ಟಗಿದ್ದ ದಿನವೆಲ್ಲ ಹಾರಿದೆವು. ಒಂದು ಮಧ್ಯಾಹ್ನ ಪಟ್ಟಿಯ ನಡುವೆ ವಿಮಾನ ನಿಲ್ಲಿಸಿ ಕ್ಲೆಮ್ ಇಳಿದುಬಿಟ್ಟ. ನಾನೊಬ್ಬಳೇ ಏರಿಸಿ, ಒಂದು ಸುತ್ತು ಹಾಕಿ, ಇಳಿಸಿದೆ. ಮುಂದಿನ ಭಾನುವಾರ ಪೂಜೆಯ ನಂತರ ರೊಸೀನಾ ನನ್ನ ತೋಳು ಹಿಡಿದು ಮೂಲೆಗೆ ಎಳೆದಳು.

"ಯಾವತ್ತು?"

"ಶನಿವಾರ, ಗಾಳಿ ಇದ್ರೆ. ಬಾ, ಎಲ್ರೂ ಬರ್ತಾರೆ."

"ಬರಲ್ಲ." ಅವಳ ಹಿಡಿತ ಬಿಗಿಯಾಯಿತು. "ನನ್ನ ಮನೆ ಮೇಲಿಂದ ಹೋಗು ಟಿಲ್ಲಿ. ಪರದೆ ತೆಗೆದಿಟ್ಟಿರ್ತೀನಿ."

ಶನಿವಾರ ಗಾಳಿ ಇತ್ತು. ಪಯಸ್‌ನ ಕೆಂಪು ಕಾಲು ಕಂಬದ ಮೇಲೆ ಒದೆಯುವ ಹಾಗೆ ನೆಟ್ಟಗೆ ಚಾಚಿ ನಿಂತಿತ್ತು. ಜಿಲ್ಲೆಯಲ್ಲಿ ಉಳಿದಿದ್ದ ಮೂರು ವಿಮಾನಗಳು ಬೆಳಿಗ್ಗೆಯೇ ಬಂದು ನಮ್ಮ ಹುಲ್ಲಿನ ಮೇಲೆ ಇಳಿದವು. ಒಂದು ಕಾಲಕ್ಕೆ ನಿಲ್ಲಿಸಲು ಜಾಗ ಸಾಲದ ಕಡೆ ಮೂರು ಮೂಲೆಯಲ್ಲಿ ಮೂರು. ಅವು ಆಮೇಲೆ ಡಾಂಬರು ರಸ್ತೆಯಿಂದಲೇ ಏಳುವುದೆಂದಾಗಿತ್ತು. ಜನ ಮಾತ್ರ ಕಾರಿನಲ್ಲಿ ತುಂಬಾ ಬಂದಿದ್ದರು, ನಾನು ಹಾರುವುದನ್ನು ನೋಡಲೋ ಬೀಳುವುದನ್ನು ನೋಡಲೋ ದೇವರಿಗೇ ಗೊತ್ತು. ಕೂಹೆನ್ ಟ್ರಕ್ಕಿನ ಮೇಲೆ ಹರಡಿತ್ತು. ಲೀರಾಯ್ ಪಟ್ಟಿಯ ತುದಿಯಲ್ಲಿ ಟ್ರ್ಯಾಕ್ಟರಿಗೆ ನೇಗಿಲು ಕಟ್ಟಿ ನಿಲ್ಲಿಸಿದ್ದ. ನಾನೇ ಹಾಗೆ ಹೇಳಿದ್ದೆ.

"ನನ್ನ ಚಕ್ರ ನೆಲ ಬಿಟ್ಟ ಕೂಡ್ಲೇ ಗಾಳಿಚೀಲ ಇಳಿಸಿ ಉಳೋಕೆ ಶುರು ಮಾಡು."

"ಅಷ್ಟೇನು ಅವಸರ ದೊಡ್ಡಮ್ಮ? ನಾಳೆ ಉಳ್ತೀನಿ. ಮೇಲೆ ಏನಾದ್ರೂ ಆಗಿ ನೀವು ವಾಪಸ್ ಇಳೀಬೇಕಾಗಿ ಬಂದ್ರೆ?"

"ಅದಕ್ಕೇ ಹೇಳಿದ್ದು, ಉಳು ಅಂತ. ವಾಪಸ್ ಇಳಿಯೋ ಜಾಗ ಇದ್ರೆ ನಾನು ಇಳಿದುಬಿಡ್ತೀನಿ."

ಅವನಿಗೆ ಅರ್ಥವಾಯಿತು. ಟೋಪಿ ಎಳೆದುಕೊಂಡು ಟ್ರ್ಯಾಕ್ಟರ್ ಹತ್ತಿದ. ಕ್ಲೆಮ್ ಒಂದು ಅರೆ ಮೂಟೆ ಬಿತ್ತನೆ ಗೋಧಿ ತಂದು ಎಡಗಡೆಯ ಸೀಟಿನಲ್ಲಿ, ಸ್ಟಿಯರಿಂಗಿಗೆ ತಾಗದಂತೆ, ಬೆಲ್ಟು ಹಾಕಿ ಬಿಗಿದ. ತೂಕ ಸರಿಯಾಗಲಿ ಎಂದ. ಮೂಟೆ ಪಯಸ್‌ನಷ್ಟೇ ದುಂಡಗಿತ್ತು, ಅವನಿಗಿಂತ ಕಡಿಮೆ ಬುದ್ಧಿ ಹೇಳುತ್ತಿತ್ತು. ಆಮೇಲೆ ಕ್ಲೆಮ್ ನಾನು ಇಳಿಯುವ ಹೊತ್ತಿಗೆ ಅಲ್ಲಿರಬೇಕೆಂದು ಟ್ರಕ್ಕಿನಲ್ಲಿ ಪೇಟೆಗೆ ಹೊರಟ.

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಈ ಹುಲ್ಲಿನ ಪ್ರತಿ ತಗ್ಗು ದಿಣ್ಣೆಯೂ ನನಗೆ ಗೊತ್ತು. ಮುಂದೆ ಇಳಿಯಬೇಕಾದ ಡಾಂಬರಿನ ರನ್‌ವೇ ಮೇಲೆ ಕ್ಲೆಮ್ ಪಕ್ಕದಲ್ಲಿದ್ದಾಗ ನಾಲ್ಕೈದು ಸಲ ಇಳಿದಿದ್ದೆ ಅಷ್ಟೇ. ಕರಿ ಗುಂಡಿಗೆ ಅಂಗೈ ಒತ್ತಿದೆ. "ಸುಮ್ಮನೆ ಕೂತ್ಕೊ ಪಯಸ್" ಎಂದು ಮೂಟೆಗೆ ಹೇಳಿ ತಳ್ಳಿದೆ.

ಹುಲ್ಲು, ಜನ, ಮೂರು ವಿಮಾನ, ಕೆಂಪು ಕಾಲು ಎಲ್ಲ ಪಕ್ಕದಲ್ಲಿ ಹರಿದು ಹೋದವು. ಧಡಧಡ ನಿಂತಿತು. ಕೈಗೆ ಎಳೆಯುವ ಆಸೆ ಬಂತು, ಬರುತ್ತದೆ ಎಂದು ಗೊತ್ತಿತ್ತು. ಬೆರಳು ಮಡಚಲಿಲ್ಲ. ಲೀರಾಯ್‌ನ ತಲೆಯ ಮೇಲಿಂದ ಹೋಗುವಾಗ ಅವನು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡದ್ದು ಕಂಡಿತು. ಅದಾದ ಮೇಲೆ ನಾನು ಕೆಳಗೆ ನೋಡಲಿಲ್ಲ. ನೇಗಿಲು ನೆಲಕ್ಕೆ ಬಿತ್ತೋ ಇಲ್ಲವೋ ತಿರುಗಿ ನೋಡಲಿಲ್ಲ.

ಒಂದು ಸಲ ಮಾತ್ರ ನೋಡಿದೆ. ರೊಸೀನಾಳ ಮನೆ ಬಂದಾಗ ತಗ್ಗಿಸಿ ಹಾರಿದೆ. ಪರದೆ ತೆಗೆದಿತ್ತು. ಅವಳು ಕಿಟಕಿಯಲ್ಲಿರಲಿಲ್ಲ. ಅಂಗಳದಲ್ಲಿ, ಆ ಚಳಿಗೆ ಬರೀ ಏಪ್ರನ್‌ನಲ್ಲಿ ನಿಂತು, ಕಿತ್ತ ಪರದೆಯನ್ನೇ ತಲೆಯ ಮೇಲೆ ಬೀಸುತ್ತಿದ್ದಳು. ನಾನು ರೆಕ್ಕೆ ಬಾಗಿಸಿದೆ, ಒಮ್ಮೆ ಅವಳಿಗೆ, ಒಮ್ಮೆ ಟ್ರೇಲರಿನಲ್ಲಿ ಹೋದ ಬಾಲ್ತಸರ್‌ನ ವಿಮಾನಕ್ಕೆ.

ಪೇ‌ಟೆಯಲ್ಲಿ ಇಳಿಸಿದ್ದರ ಬಗ್ಗೆ ಹೇಳುವುದಕ್ಕೇನೂ ಇಲ್ಲ. ಇಳಿಸುವುದು ನನಗೆ ಮೊದಲಿಂದಲೂ ಗೊತ್ತಿತ್ತು.

ವಸಂತದಲ್ಲಿ ಪೈಲಟ್ ಲೈಸೆನ್ಸಿನ ಪರೀಕ್ಷೆ ಪಾಸಾಯಿತು. ಪರೀಕ್ಷೆಗೆ ಬಂದವರು ಎಡಗಡೆಯ ಸೀಟು ತೋರಿಸಿದರು. ನಾನು ಬಲಗಡೆ ಹತ್ತಿ ಕೂತೆ. ಕ್ಲೆಮ್ ಅವರ ಕಿವಿಯಲ್ಲಿ ಏನೋ ಹೇಳಿದ, ಅವರು ನಕ್ಕು ಆ ಕಡೆ ಹೋದರು. ಕೆಂಪು ಗಾಳಿಚೀಲವನ್ನು ಲೀರಾಯ್ ಇಳಿಸಿದ್ದನಾದರೂ ನನಗೆ ವಾಪಸ್ ಕೊಟ್ಟಿರಲಿಲ್ಲ. ಒಂದು ದಿನ ನೋಡಿದರೆ ಅದು ಅವನ ಟ್ರ್ಯಾಕ್ಟರ್ ಶೆಡ್ಡಿನ ಮೇಲೆ ಹಾರುತ್ತಿದೆ. "ಔಷಧಿ ಹೊಡೆಯೋಕೆ ಗಾಳಿ ನೋಡ್ಬೇಕಲ್ಲ" ಎಂದ. ನಾನು ಹರಿದ ತುದಿಗೆ ಹೊಲಿಗೆ ಹಾಕಿಕೊಟ್ಟೆ.

ಜುಲೈ ಕೊನೆಯಲ್ಲಿ ಅವನು ತಾನಾಗಿಯೇ ಬಂದ. ಮತ್ತೆ ಟೋಪಿ ತಿರುಗಿಸುತ್ತ ಕೂತ.

"ದೊಡ್ಡಮ್ಮ, ಪಟ್ಟಿ ಉತ್ತ ಜಾಗದಲ್ಲಿ ಬೆಳೆ ಹೇಗಿದೆ ಅಂತ ಗೊತ್ತಾಗ್ತಿಲ್ಲ. ನೆಲದಲ್ಲಿ ನಿಂತು ನೋಡಿದ್ರೆ ಎಲ್ಲ ಒಂದೇ ಥರ ಕಾಣುತ್ತೆ. ಅದು... ಮೇಲಿಂದ ಒಂದ್ಸಲ..."

ನಾನು ನಗಲಿಲ್ಲ. ನಕ್ಕಿದ್ದರೆ ಎದ್ದು ಹೋಗುತ್ತಿದ್ದ. ಪೇಟೆಯ ಏರ್‌ಪೋರ್ಟಿಗೆ ಕರೆದೊಯ್ದು, ಮೂಟೆ ಇದ್ದ ಸೀಟಿನಲ್ಲಿ ಅವನನ್ನು ಕೂರಿಸಿ ಬೆಲ್ಟು ಬಿಗಿದೆ. ಕಣ್ಣು ಮುಚ್ಚಿಕೊಂಡ. ಏರುವಾಗ ಮೂಟೆಗಿಂತ ಗಟ್ಟಿಯಾಗಿ ಕೂತಿದ್ದ. ಮೂಟೆಯಾದರೂ ಅಷ್ಟು ಪ್ರಾರ್ಥನೆ ಮಾಡಿರಲಿಲ್ಲ.

"ಕಣ್ಣು ಬಿಡು ಲೀರಾಯ್. ನಿನ್ನ ಹೊಲ."

ಬಿಟ್ಟ. ಕೆಳಗೆ ಗೋಧಿ ಹಣ್ಣಾಗಿ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಅದರ ನಡುವೆ ಓರೆಯಾಗಿ, ಗಾಳಿ ಬೀಸುವ ದಿಕ್ಕಿಗೆ, ಒಂದು ಉದ್ದನೆಯ ಹಸಿರು ಪಟ್ಟಿ. ಹುಲ್ಲಿದ್ದ ನೆಲದಲ್ಲಿ ಬೆಳೆ ತಡವಾಗಿ ಮಾಗುತ್ತಿತ್ತು. ಪಯಸ್ ಬಿಟ್ಟ ಅಳತೆಯೇ, ಒಂದು ಅಡಿಯೂ ಆಚೀಚೆಯಿಲ್ಲ. ಅದಕ್ಕಿಂತ ಆಚೆ ಬಾಲ್ತಸರ್‌ನ ಹೊಲದಲ್ಲಿ ಇನ್ನೊಂದು, ಮಾಸಿದ್ದು. ಅದರಾಚೆ ಇನ್ನೊಂದು. ಕಣ್ಣು ಹೋದಲ್ಲೆಲ್ಲ, ಉತ್ತು ಎಷ್ಟೋ ವರ್ಷವಾದ ಪಟ್ಟಿಗಳು ಬೆಳೆಯೊಳಗೆ ಮಲಗಿದ್ದವು. ಉತ್ತವರು ಯಾರೂ ಮೇಲೆ ಬಂದು ನೋಡಿರಲಿಲ್ಲ, ಅಷ್ಟೇ.

ಲೀರಾಯ್ ಹೆದರಿಕೆ ಮರೆತು ಕಿಟಕಿಗೆ ಹಣೆ ಒತ್ತಿಕೊಂಡಿದ್ದ.

"ಹಾಗಾದ್ರೆ ನಾನು ಉತ್ತಿದ್ದೇನು ದೊಡ್ಡಮ್ಮ?"

"ಹುಲ್ಲು" ಎಂದೆ.

ಅವನು ನನ್ನ ಕಡೆ ತಿರುಗಿದ. ಕಣ್ಣು ತುಂಬಿತ್ತು, ಗಾಳಿಯಿಂದ ಎಂದು ಹೇಳಿಕೊಳ್ಳಲು ಕಿಟಕಿ ತೆರೆದಿರಲಿಲ್ಲ. "ಇನ್ನೊಂದು ಸುತ್ತು ಹೋಗೋಣ್ವಾ?"

ನಾನು ಅಂಗೈ ಚಪ್ಪಟೆ ಮಾಡಿ ಕರಿ ಗುಂಡಿಯನ್ನು ಮುಂದಕ್ಕೆ ತಳ್ಳಿದೆ.